ಯಾ ಕಡೆ ಹೋತು?

ಆಫೀಸಿನಿಂದ ಬಂದು ಬಾಗಿಲಲ್ಲಿ ಕೊಡೆ ಕೊಡವುವಾಗಲೇ ನೋಡಿದೆ, ಅವ್ವ ಗಂಟು ಕಟ್ಟುತ್ತಿದ್ದಳು. 2025ರ ಮೇ 23, ಶುಕ್ರವಾರ ಸಂಜೆ. ವಾಸ್ಕೋದ ಮೇಲೆ ನಾಲ್ಕು ದಿನದಿಂದ ಮಳೆ ಹಗಲು ರಾತ್ರಿ ಎನ್ನದೆ ಹುಯ್ಯುತ್ತಿತ್ತು. ಹಳೆಯ ಇಳಕಲ್ ಸೀರೆಯ ಅರ್ಧ ತುಂಡನ್ನು ನೆಲಕ್ಕೆ ಹಾಸಿ, ಅದರ ಮೇಲೆ ಒಂದೊಂದಾಗಿ ಇಡುತ್ತಿದ್ದಳು: ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರೇಷನ್ ಕಾರ್ಡು, ಆಧಾರ್ ಕಾರ್ಡುಗಳು, ಅಪ್ಪನ ಮರಣದ ದಾಖಲೆ, ನನ್ನ ಮತ್ತು ತಮ್ಮನ ಶಾಲೆ ಬಿಟ್ಟ ಸರ್ಟಿಫಿಕೇಟು, ಹದಿನೈದು ವರ್ಷ ಗೋವಾದಲ್ಲಿದ್ದೇವೆ ಎಂಬ ವಾಸದ ಪತ್ರ. ಆಮೇಲೆ ಬೆಂಕಿಪೊಟ್ಟಣ, ಒಂದು ಮೇಣದ ಬತ್ತಿ, ಕಟಕ ರೊಟ್ಟಿಯ ಪುಟ್ಟ ಕಟ್ಟು, ಡಬ್ಬಿಯಲ್ಲಿ ಶೇಂಗಾ ಚಟ್ನಿ. ನಾವಿರುವುದು ಮೂರನೆಯ ಮಹಡಿಯಲ್ಲಿ. ಸಮುದ್ರ ಇಲ್ಲಿಗೆ ಬರಬೇಕಾದರೆ ಊರೇ ಮುಳುಗಬೇಕು. ಅದನ್ನು ಅವಳಿಗೆ ಹೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

"ಶಕ್ತಿ ಅಂತ ಒಂದು ತೂಫಾನು ಬರಾಕತ್ತೈತಂತ. ಕೆಳಗಿನ ಮನಿಯಾಕಿ ಫೋನಿನಾಗ ತೋರಿಸಿದ್ಲು" ಅಂದಳು.

ನಾನು ಕೆಲಸ ಮಾಡುವುದು ಹಡಗುಗಳ ಏಜೆನ್ಸಿಯ ಕಚೇರಿಯೊಂದರಲ್ಲಿ. ದಿನ ಬೆಳಗಾದರೆ ಹವಾಮಾನ ಇಲಾಖೆಯ ಬುಲೆಟಿನ್ ಓದಿ, ಮುರ್ಗಾವ್ ಬಂದರಿಗೆ ಬರುವ ಹಡಗಿನವರಿಗೆ ತಿಳಿಸುವುದು ನನ್ನ ಪಾಲಿನ ಕೆಲಸ. ಹಾಗಾಗಿ ಸಮಾಧಾನದಿಂದ ಹೇಳಿದೆ: ಅವ್ವ, ಇದಕ್ಕಿನ್ನೂ ಹೆಸರೇ ಇಟ್ಟಿಲ್ಲ. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆಯೇ ನಾಮಕರಣ. ಹೆಸರುಗಳ ಪಟ್ಟಿ ಮೊದಲೇ ಇರುತ್ತದೆ, 13 ದೇಶಗಳು ಕೊಟ್ಟ 169 ಹೆಸರು, ಸರದಿಯ ಪ್ರಕಾರ ಒಂದೊಂದು ತೆಗೆಯುತ್ತಾರೆ. ಸರದಿಯಲ್ಲಿ ಮುಂದಿರುವುದು ಆ ಹೆಸರು ಅಂತ ಯಾರೋ ಮೊದಲೇ ಸುದ್ದಿ ಹಬ್ಬಿಸಿದ್ದಾರೆ. ಕೊಂಕಣ ಕರಾವಳಿಯ ಮುಂದೆ ವಾಯುಭಾರ ಕುಸಿದಿರುವುದು ನಿಜ, ಮಳೆ ಜೋರಿರುತ್ತದೆ, ಅಷ್ಟೆ.

ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೀರೆಯ ನಾಲ್ಕು ತುದಿ ಎತ್ತಿ ಬಿಗಿಯಾಗಿ ಗಂಟು ಹಾಕಿ, ಬಾಗಿಲ ಹಿಂದೆ ಒಯ್ದಿಟ್ಟಳು. ಗಂಟು ಯಾವಾಗಲೂ ಇರುವ ಜಾಗ ಅದೇ. ವಾಸ್ಕೋದ ಕಡಲಂಚಿನ ಬೈನಾದಲ್ಲಿ ನಮಗಿದ್ದ ಗುಡಿಸಲಿನಲ್ಲೂ ಅದು ಬಾಗಿಲ ಹಿಂದೆಯೇ ಇರುತ್ತಿತ್ತು.

ಬಾಗಲಕೋಟೆ ಕಡೆಯ ಹಳ್ಳಿಯಿಂದ ನಮ್ಮನ್ನು ಬೈನಾಕ್ಕೆ ಕರೆತಂದಾಗ ನನಗೆ ನಾಲ್ಕು ವರ್ಷ. ಆಗ ನಮ್ಮೂರು ಇನ್ನೂ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಅಪ್ಪ ಬಂದರಿನಲ್ಲಿ ದಿನಗೂಲಿ ಹಮಾಲ, ಅವ್ವ ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊರಲು ಹೋಗುತ್ತಿದ್ದಳು. ನಮ್ಮ ಗುಡಿಸಲಿಗೆ ಮೂರು ಕಡೆ ತಗಡು, ಒಂದು ಕಡೆ ತೆಂಗಿನ ಗರಿಯ ತಟ್ಟಿ, ತಲೆಯ ಮೇಲೆ ನೀಲಿ ಪ್ಲಾಸ್ಟಿಕ್ಕು. ಹಿಂದಿನ ತಟ್ಟಿ ಸರಿಸಿದರೆ ಸಮುದ್ರ. ಬೇಸಿಗೆಯಲ್ಲಿ ನೀರು ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಇರುತ್ತಿತ್ತು. ಮಳೆಗಾಲದ ಭರತಕ್ಕೆ ಅದೇ ನೀರು ನಮ್ಮ ಒಲೆಯ ಕಲ್ಲು ಮುಟ್ಟಿ ಹಿಂದಿರುಗುತ್ತಿತ್ತು.

ಆ ಜಾಗದ ಬಗ್ಗೆ ಆಗ ನಮಗಿದ್ದದ್ದು ಒಂದೇ ತಿಳುವಳಿಕೆ: ಖಾಲಿ ಇತ್ತು, ಬಂದು ಕೂತೆವು. ಈಗ ಬೇರೆ ಥರ ನೋಡಬೇಕಾಗಿದೆ. ಅದು ಮರಳಿನ ದಿಬ್ಬ. ನೇರಳೆ ಹೂವಿನ ಬಳ್ಳಿಯೊಂದು ಆ ಮರಳನ್ನು ಹಿಡಿದಿಟ್ಟಿತ್ತು. ಗುಡಿಸಲು ಹಾಕುವಾಗ ನಮ್ಮವರೆಲ್ಲ ಮೊದಲು ಕಿತ್ತೆಸೆದದ್ದು ಆ ಬಳ್ಳಿಯನ್ನೇ, ಆಮೇಲೆ ದಿಬ್ಬವನ್ನು ಸಮ ಮಾಡಿದೆವು. ಅಲೆಯ ಪೆಟ್ಟು ತಿನ್ನಲೆಂದೇ ಸಮುದ್ರ ತಾನೇ ಕಟ್ಟಿಕೊಂಡ ಗೋಡೆಯನ್ನು ಕೆಡವಿ, ಅದರ ಜಾಗದಲ್ಲಿ ನಾವು ಮಲಗಿದೆವು. ಭರತದ ಗೆರೆಯಿಂದ 500 ಮೀಟರ್ ಒಳಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬ ಕೇಂದ್ರದ ಅಧಿಸೂಚನೆ ಬಂದದ್ದು 1991ರಲ್ಲಿ. ನಮ್ಮ ಓಣಿಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಓದಿದ್ದರೂ ಎದ್ದು ಹೋಗಲು ಬೇರೆ ಜಾಗ ಇರಲಿಲ್ಲ. ಎರಡೂ ನಿಜ.

ಅವ್ವನ ಗಂಟಿಗೆ ಎರಡು ಭಯ ಇದ್ದವು. ಒಂದು ನೀರಿನದು, ಇನ್ನೊಂದು ಬುಲ್ಡೋಜರಿನದು. "ಈ ಸಲ ಒಡಿತಾರಂತ" ಎಂಬ ಸುದ್ದಿ ವರ್ಷಕ್ಕೆರಡು ಸಲವಾದರೂ ಓಣಿಯಲ್ಲಿ ಹಬ್ಬುತ್ತಿತ್ತು. ಹಾಗೆ ಹಬ್ಬಿದಾಗಲೂ ಅವ್ವ ಗಂಟು ಬಿಚ್ಚಿ ಕಾಗದಗಳನ್ನು ಎಣಿಸುತ್ತಿದ್ದಳು, ತೂಫಾನು ಬರುತ್ತದೆ ಎಂದಾಗಲೂ ಎಣಿಸುತ್ತಿದ್ದಳು. ಸಣ್ಣವಳಾದ ನನಗೆ ಇವೆರಡೂ ಬೇರೆ ಬೇರೆ ಎಂದು ತಿಳಿಯಲು ತುಂಬ ದಿನ ಬೇಕಾಯಿತು.

ನಮ್ಮ ಸಾಲಿನ ಬದಿಗೆ ಮೀನುಗಾರರ ಹಳೆಯ ಮನೆಗಳಿದ್ದವು. ಹಂಚಿನವು, ಮುಂದೆ ತುಳಸಿಕಟ್ಟೆ ಅಥವಾ ಶಿಲುಬೆ. ಮೇ ತಿಂಗಳು ಬಂತೆಂದರೆ ಅವರ ಅಂಗಳದಲ್ಲಿ ಪುರುಮೆಂತ್ ಶುರು. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಒಣಸಿಗಡಿ, ಒಣಬಂಗುಡೆ, ಬಿಸಿಲಿಗಿಟ್ಟ ಕೋಕಂ ಸಿಪ್ಪೆ, ಉಪ್ಪಿನ ಮಾವು, ಹೆಣೆದು ತೂಗುಹಾಕಿದ ಈರುಳ್ಳಿಯ ಜಡೆ. ನಾವು ಮಕ್ಕಳು ಬೇಲಿಗೆ ಮುಖ ಒತ್ತಿ ನೋಡುತ್ತ ನಿಲ್ಲುತ್ತಿದ್ದೆವು. ಕೆಲವು ಸಲ ಒಂದು ಹಿಡಿ ಒಣಸಿಗಡಿ ನಮ್ಮ ಲಂಗದ ಮಡಿಲಿಗೆ ಬೀಳುತ್ತಿತ್ತು, ಕೆಲವು ಸಲ "ಘಾಂಟಿ" ಎಂಬ ಬೈಗುಳ ಬೀಳುತ್ತಿತ್ತು. ಘಟ್ಟದ ಮೇಲಿನಿಂದ ಇಳಿದುಬಂದವರು ಎಂದು ಅದರ ಅರ್ಥ. ಮಾತು ಅಷ್ಟೇ, ಆದರೆ ಹೇಳುವ ಧಾಟಿಯಲ್ಲಿ ಅಸಹ್ಯ ಇರುತ್ತಿತ್ತು. ಕೊಡುತ್ತಿದ್ದ ಕೈ, ಬೈಯುತ್ತಿದ್ದ ಬಾಯಿ ಎಷ್ಟೋ ಸಲ ಒಬ್ಬರದೇ. ಬಹಳ ವರ್ಷ ನಾನು ಬೈಗುಳವನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಸಿಗಡಿಯನ್ನು ನೆನೆಯುವಷ್ಟು ಮನಸ್ಸು ತಣ್ಣಗಾದದ್ದು ಈಚೆಗೆ.

ಆ ಮನೆಗಳಲ್ಲೊಂದರಲ್ಲಿ ರಾಂಪಣಿ ಬಲೆ ಎಳೆದು ಕೈಯ ಚರ್ಮವೆಲ್ಲ ತೊಗಲಾಗಿದ್ದ ಮುದುಕನೊಬ್ಬನಿದ್ದ. ತೂಫಾನಿಗೆ ಅವನು ವಾದಳ್ ಅನ್ನುತ್ತಿದ್ದ. ಒಂದು ಸಂಜೆ ನನ್ನ ಹೆಗಲು ಹಿಡಿದು ತಿರುಗಿಸಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿದ. "ಎಡಗೈ ಚಾಚು" ಅಂದ. ಚಾಚಿದೆ. "ವಾದಳ್ ಅಲ್ಲಿದೆ." ಗಾಳಿ ಆಗ್ನೇಯದಿಂದ ಬೀಸಿದರೆ ತೂಫಾನು ಇನ್ನೂ ನೈರುತ್ಯದಲ್ಲಿ, ಅಂದರೆ ಬರುತ್ತಿದೆ. ಗಾಳಿ ತೆಂಕಣಕ್ಕೆ ತಿರುಗಿತೆಂದರೆ ಅದು ನೇರ ಎದುರಿಗೆ ಸಮುದ್ರದಲ್ಲಿದೆ. ನೈರುತ್ಯದಿಂದ ಬೀಸತೊಡಗಿದರೆ ನಮ್ಮನ್ನು ದಾಟಿ ಬಡಗಣಕ್ಕೆ ಹೋಯಿತು, ಇನ್ನು ಗಂಜಿ ಬೇಯಿಸಿಕೊಳ್ಳಬಹುದು. ಕೆಲಸಕ್ಕೆ ಸೇರಿದ ಮೇಲೆ ಕಚೇರಿಯ ಪುಸ್ತಕವೊಂದರಲ್ಲಿ ಇದೇ ಮಾತು ಸಿಕ್ಕಿತು. ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ 1857ರಲ್ಲಿ ಪ್ರಕಟಿಸಿದ ನಿಯಮವಂತೆ. ಭೂಮಿಯ ಉತ್ತರಾರ್ಧದಲ್ಲಿ ತೂಫಾನಿನ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ಕಡಿಮೆ ಒತ್ತಡದ ನಡುಭಾಗ ಯಾವಾಗಲೂ ಎಡಕ್ಕೇ ಬರುತ್ತದೆ. ಓದಿದವಳು ಕುರ್ಚಿಯಿಂದ ಎದ್ದು ಎಡಗೈ ಚಾಚಿಯೇಬಿಟ್ಟೆ. ಪಕ್ಕದ ಮೇಜಿನವರಿಗೆ ಏನೂ ಅರ್ಥವಾಗಲಿಲ್ಲ.

ನಮ್ಮ ಗುಡಿಸಲಿನಿಂದ ರಸ್ತೆಗೆ ಏರುವ ದಾರಿಯಲ್ಲಿ ಪಕ್ಕಾ ಕೋಣೆಗಳ ಸಾಲೊಂದಿತ್ತು. ಇಟ್ಟಿಗೆ ಗೋಡೆ, ಮೇಲೆ ಸ್ಲ್ಯಾಬು. ಬೈನಾ ಎಂದರೆ ಗೋವಾದವರಿಗೆ ಆಗ ನೆನಪಾಗುತ್ತಿದ್ದದ್ದು ಆ ಕೋಣೆಗಳು ಮತ್ತು ಅಲ್ಲಿದ್ದ ಹೆಂಗಸರು. ಅವರಲ್ಲಿ ಅನೇಕರು ನಮ್ಮ ಕಡೆಯವರೇ, ನಮ್ಮ ಭಾಷೆಯವರೇ. ಸಣ್ಣ ವಯಸ್ಸಿನಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಒಂದೆರಡು ಊರು ದಾಟಿ ಇಲ್ಲಿಗೆ ಬಂದು ಬಿದ್ದವರು. ಆ ದೇವದಾಸಿ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ. ಅವರಲ್ಲೊಬ್ಬ ಹೆಂಗಸಿಗೆ ಮುತ್ತು ಕಟ್ಟಿದ್ದು ಅದಕ್ಕೂ ಮೊದಲು. ಅವಳಿಗೂ ಅವ್ವನಿಗೂ ನೀರಿನ ನಳದ ಹತ್ತಿರ ಮಾತು ಬೆಳೆದಿತ್ತು. ಇಬ್ಬರ ಊರಿಗೂ ನಡುವೆ ಹೊಳೆಯೊಂದೇ ಅಡ್ಡ. ಅಪ್ಪ ಮಾತ್ರ ನಮಗೆ ಗಟ್ಟಿಯಾಗಿ ಹೇಳಿದ್ದ: ಆ ಸಾಲಿನ ಮುಂದೆ ಹಾಯುವಾಗ ನೆಲ ನೋಡಿ ನಡೀಬೇಕು, ಅವರು ಕೊಟ್ಟದ್ದು ತಿನ್ನಬಾರದು. ನಾನು ಹಾಗೆಯೇ ನಡೆದೆ. ಅಪ್ಪ ಹೇಳಿದ್ದಕ್ಕಿಂತ ಹೆಚ್ಚಾಗಿಯೇ ನಡೆದೆ ಅನ್ನಿಸುತ್ತದೆ.

1998ರ ಜೂನ್. ನನಗೆ ಹದಿನಾಲ್ಕು. ಅಪ್ಪ ಮಧ್ಯಾಹ್ನವೇ ಕೆಲಸ ನಿಂತು ಮನೆಗೆ ಬಂದ. "ಬಂದರದಾಗ ಮೂರನೇ ನಂಬರ್ ಏರಿಸ್ಯಾರ" ಅಂದ. ಬಂದರಿನ ಕಂಬದ ಮೇಲೆ ಹಗಲಾದರೆ ಶಂಕು, ಡೋಲಿನ ಆಕಾರದ ಕಪ್ಪು ಗುರುತುಗಳನ್ನು, ರಾತ್ರಿಯಾದರೆ ಕೆಂಪು ಬಿಳಿ ದೀಪಗಳನ್ನು ಏರಿಸುತ್ತಾರೆ. ಒಂದರಿಂದ ಹನ್ನೊಂದರವರೆಗೆ ಎಣಿಕೆ. ಮೂರು ಎಂದರೆ ಬಂದರಿಗೇ ಬಿರುಗಾಳಿಯ ಎಚ್ಚರಿಕೆ. ಹನ್ನೊಂದು ಎಂದರೆ ಹವಾಮಾನ ಕೇಂದ್ರದೊಂದಿಗಿನ ಸಂಪರ್ಕವೇ ಕಡಿದುಹೋಗಿದೆ, ಇನ್ನು ಯಾರೂ ಏನೂ ಹೇಳುವಂತಿಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಆ ಕಂಬವನ್ನು ಓದುತ್ತಿದ್ದ.

ಅವ್ವ ಗಂಟನ್ನು ಮಡಿಲಿಗೆ ತೆಗೆದುಕೊಂಡು ಬಾಗಿಲಿಗೆ ಒರಗಿ ಕೂತಳು. ತಮ್ಮ ನಿದ್ದೆ ಹೋದ. ತೂಫಾನಿಗೆ ಕಾಯುವುದು ಎಂಬ ಕೆಲಸದಲ್ಲಿ ಮಾಡಲಿಕ್ಕೆ ಏನೂ ಇರುವುದಿಲ್ಲ. ಹಗ್ಗ ಬಿಗಿದಾಯಿತು, ತಗಡಿನ ಮೇಲೆ ಕಲ್ಲು ಹೇರಿದ್ದಾಯಿತು, ಹಳೆಯ ಟೈರು ಇಟ್ಟಾಯಿತು. ಆಮೇಲೆ ಕಿವಿಯೊಂದೇ ಕೆಲಸ ಮಾಡುತ್ತದೆ. ಎರಡು ಅಲೆಗಳ ನಡುವಿನ ಬಿಡುವನ್ನು ನಾನು ಎಣಿಸುತ್ತಿದ್ದೆ. ಹನ್ನೆರಡಿದ್ದದ್ದು ಹತ್ತಾಯಿತು, ಹತ್ತು ಎಂಟಾಯಿತು. ನಡುನಡುವೆ ಹೊರಗೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ಎಡಗೈ ಚಾಚಿ ಬರುತ್ತಿದ್ದೆ. ಕತ್ತಲಲ್ಲಿ ದಿಕ್ಕು ತಿಳಿಯುತ್ತಿರಲಿಲ್ಲ. ಕೈ ಮಳೆಗೆ ನೆನೆದು ಬರುತ್ತಿತ್ತು, ಅಷ್ಟೆ.

ನಡುರಾತ್ರಿಯ ಹೊತ್ತಿಗೆ ಹಿಂದಿನ ತಟ್ಟಿ ಒಮ್ಮೆಲೇ ಒಳಗೆ ಬಂತು. ಅದರ ಹಿಂದೆ ನೀರು. ಒಲೆ, ಹಿಟ್ಟಿನ ಡಬ್ಬಿ, ನನ್ನ ಶಾಲೆಯ ಚೀಲ ಎಲ್ಲ ಒಂದೇ ಸಲ ತೇಲಿದವು. ಅಪ್ಪ ತಮ್ಮನನ್ನು ಹೆಗಲಿಗೆ ಹಾಕಿಕೊಂಡ. ರಸ್ತೆಯ ಕಡೆ ಏರುವಾಗ ಗಾಳಿಗೆ ಹಾರಿದ ತಗಡೊಂದು ನಮ್ಮ ತಲೆಯ ಮೇಲಿಂದ ಶಬ್ದ ಮಾಡುತ್ತ ಹೋಯಿತು. ಆಗ ಪಕ್ಕಾ ಸಾಲಿನ ಒಂದು ಬಾಗಿಲು ತೆರೆಯಿತು. ಕಂದೀಲು ಹಿಡಿದವಳು ಕೂಗಿದಳು: "ಯಕ್ಕಾ, ಹುಡುಗರನ್ನ ಒಳಗ ತಾರಬೇ! ಎಲ್ಲಿಗೆ ಹೊಂಟೀರಿ ಈ ಗಾಳ್ಯಾಗ?"

ಅಪ್ಪ ನಿಂತ. ಅರೆಗಳಿಗೆ ಇರಬಹುದು, ನನಗೆ ಬಹಳ ಹೊತ್ತಾದಂತೆ ನೆನಪು. ಅವ್ವ ಅವನ ಮುಖ ಕೂಡ ನೋಡದೆ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು.

ಎಂಟು ಅಡಿಗೆ ಆರು ಅಡಿ ಇದ್ದೀತು ಆ ಕೋಣೆ. ಒಂದು ಮಂಚ, ಗೋಡೆಗೆ ಎಲ್ಲಮ್ಮನ ಪಟ, ಕನ್ನಡಿ, ಒಂದು ಟ್ರಂಕು. ನಮ್ಮ ಜೊತೆ ಇನ್ನೆರಡು ಸಂಸಾರ ಸೇರಿದವು. ಹನ್ನೊಂದು ಜನ ಮೊಣಕಾಲು ಮಡಚಿ ಕೂತೆವು. ಅವಳು ತನ್ನ ಒಣ ಸೀರೆಗಳನ್ನೆಲ್ಲ ಟ್ರಂಕಿನಿಂದ ತೆಗೆದು ಹುಡುಗರಿಗೆ ಸುತ್ತಿದಳು. ನನಗೆ ಬಂದದ್ದು ಜರಿಯಂಚಿನ ಕೆಂಪು ಸೀರೆ. ಅದರಲ್ಲಿ ಅಗ್ಗದ ಅತ್ತರಿನ ವಾಸನೆ ಇತ್ತು. ಚಳಿಯಿಂದ ಹಲ್ಲು ಕಟಕಟ ಅನ್ನುತ್ತಿದ್ದರೂ ಅದನ್ನು ಮೂಗಿನಿಂದ ದೂರ ಹಿಡಿದುಕೊಂಡಿದ್ದೆ. ಅವಳು ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಬೆಳಗಿನ ಜಾವಕ್ಕೆ ಸ್ಟೌ ಹಚ್ಚಿ ಬೆಲ್ಲದ ಚಹಾ ಮಾಡಿ ಮೊದಲ ಲೋಟ ನನಗೇ ಕೊಟ್ಟಳು.

ಮಧ್ಯಾಹ್ನಕ್ಕೆ ಗಾಳಿ ತಿರುಗಿತು. ಮುದುಕ ಮೀನುಗಾರ ಬಂದು, ದಾಟಿ ಹೋಯಿತು ಎಂದು ಬಡಗಣಕ್ಕೆ ಕೈ ತೋರಿಸಿದ. ಓಣಿಗೆ ಓಣಿಯೇ ಉಸಿರು ಬಿಟ್ಟಿತು. ಅವ್ವ ಮಾತ್ರ ಕೇಳಿದಳು: "ಯಾ ಕಡೆ ಹೋತು?"

ಇದೆಂಥ ಪ್ರಶ್ನೆ ಎಂದು ನನಗೆ ಸಿಟ್ಟು ಬಂದಿತ್ತು. ಹೋಯಿತಲ್ಲ, ಸಾಲದೆ? ಉತ್ತರ ಬಂದದ್ದು ಅಪ್ಪನ ಟ್ರಾನ್ಸಿಸ್ಟರಿನಲ್ಲಿ. ಜೂನ್ 9ರಂದು ಆ ತೂಫಾನು ಪೋರಬಂದರದ ಹತ್ತಿರ ಗುಜರಾತಿನ ನೆಲಕ್ಕೆ ಏರಿ, ಕಛ್ ಕೊಲ್ಲಿ ದಾಟಿ ಕಾಂಡ್ಲಾ ಬಂದರಿನ ಮೇಲೆ ಹೋಗಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರು, ಬಂದರಿನ ಬದಿಗೆ ಗುಡಿಸಲು ಹಾಕಿಕೊಂಡಿದ್ದವರು, ಬೇರೆ ಊರುಗಳಿಂದ ಹೊಟ್ಟೆಪಾಡಿಗೆ ಬಂದವರು. ನಮ್ಮಂಥವರೇ. ನಮ್ಮಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಸಮುದ್ರದ ನಡುವೆ ಹಾದುಹೋಗಿತ್ತು ಅದು. ನಮ್ಮ ತಟ್ಟಿ ಕೆಡವಿದ್ದು ಬರೀ ಅದರ ಸೆರಗು ಬಡಿದು. ಸುದ್ದಿ ಕೇಳಿ ಅವ್ವ ಅವತ್ತು ಒಲೆ ಹಚ್ಚಲಿಲ್ಲ.

ಆ ರಾತ್ರಿಯ ನಂತರ ಅವ್ವ ಒಂದು ಮಾತು ಹೇಳಿದಳು: "ಇನ್ನ ಮ್ಯಾಲ ಆಕಿಗೆ ಚಿಗವ್ವ ಅನ್ರಿ." ತಮ್ಮ ಅಂದ, ಸಲೀಸಾಗಿ. ನನ್ನ ನಾಲಗೆ ಏಳಲಿಲ್ಲ. ಎದುರಿಗೆ ಸಿಕ್ಕರೆ ನಕ್ಕಂತೆ ಮಾಡಿ ಹೋಗುತ್ತಿದ್ದೆ. ಶಾಲೆಯ ಗೆಳತಿಯರು ಜೊತೆಗಿದ್ದರೆ ಅದೂ ಇಲ್ಲ.

2001ರಲ್ಲಿ ನಾವು ಮಂಗೋರ್ ಹಿಲ್‌ನಲ್ಲಿ ಬಾಡಿಗೆಯ ಒಂದು ಕೋಣೆಗೆ ಬಂದೆವು. ಅಪ್ಪನಿಗೆ ಕೂಲಿ ಸ್ವಲ್ಪ ಕಾಯಂ ಆಗಿತ್ತು. ನಾನು ಹನ್ನೆರಡನೆಯದು ಮುಗಿಸಿ, ಟೈಪಿಂಗ್, ಕಂಪ್ಯೂಟರ್ ಕಲಿತು, 2004ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದೆ. ಆಗ ಬೈನಾದಲ್ಲಿ ಬೆಳೆದವಳು ಎನ್ನುವುದನ್ನು ನಾನು ಎಲ್ಲಿಯೂ ಬಾಯಿ ಬಿಡುತ್ತಿರಲಿಲ್ಲ. ವಾಸ್ಕೋ ಅನ್ನುತ್ತಿದ್ದೆ. ಬೈನಾ ಎಂಬ ಹೆಸರು ಕೇಳಿದ ಕೂಡಲೇ ಎದುರಿನವರ ಕಣ್ಣು ಬದಲಾಗುವುದನ್ನು ಒಂದೆರಡು ಸಲ ನೋಡಿದ್ದೆ.

ಅದೇ ವರ್ಷದ ಜೂನ್ 14, ಸೋಮವಾರ, ಬೈನಾಕ್ಕೆ ಬುಲ್ಡೋಜರುಗಳು ಬಂದವು. ಪಕ್ಕಾ ಸಾಲು, ಕಚ್ಚಾ ಸಾಲು ಎಲ್ಲವನ್ನೂ ನೆಲಸಮ ಮಾಡಿದವು. ನೂರಾರು ಕೋಣೆಗಳು. ಅಲ್ಲಿ ನಡೆಯುತ್ತಿದ್ದ ದಂಧೆ ನಿಲ್ಲಬೇಕು ಎಂದು ಕೇಳಿದವರಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳಲಾರೆ. ಸಣ್ಣ ಸಣ್ಣ ಹುಡುಗಿಯರನ್ನು ಅಲ್ಲಿಗೆ ತಂದು ಮಾರುತ್ತಿದ್ದದ್ದನ್ನು ಕಣ್ಣಾರೆ ನೋಡುತ್ತ ಬೆಳೆದವಳು ನಾನು. ಆದರೆ ಮುಂಗಾರು ಕಾಲಿಟ್ಟ ವಾರದಲ್ಲಿ, ಹೋಗಲು ಜಾಗ ತೋರಿಸದೆ, ಆ ಹೆಂಗಸರನ್ನು ಮಳೆಗೆ ನಿಲ್ಲಿಸಿದ್ದು ಯಾವ ಲೆಕ್ಕದಲ್ಲಿ ಸರಿ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅದರ ಮರುದಿನ ಸಂಜೆ ನಮ್ಮ ಕೋಣೆಯ ಬಾಗಿಲು ಬಡಿದ ಶಬ್ದವಾಯಿತು. ಅಪ್ಪ ಕೆಲಸದಲ್ಲಿದ್ದ. ಅವ್ವ ಬಿತ್ತಿಗೆಯ ಕಾಲಕ್ಕೆಂದು ತಮ್ಮನನ್ನು ಕರೆದುಕೊಂಡು ಊರಿಗೆ ಹೋಗಿದ್ದಳು. ಅರ್ಧ ಬಾಗಿಲು ತೆರೆದೆ. ಅವಳು ನಿಂತಿದ್ದಳು. ಕೂದಲು, ಸೀರೆ ಎಲ್ಲದರಿಂದ ನೀರಿಳಿಯುತ್ತಿತ್ತು. ಕಂಕುಳಲ್ಲಿ ಗಂಟು, ಅದರ ಮೇಲೆ ಪ್ಲಾಸ್ಟಿಕ್ಕು ಸುತ್ತಿದ ಎಲ್ಲಮ್ಮನ ಪಟ.

"ಅವ್ವ ಅದಾಳೇನವ್ವ?"

"ಇಲ್ಲ. ಊರಿಗೆ ಹೋಗ್ಯಾಳ" ಅಂದೆ.

ಸುಳ್ಳಲ್ಲ. ಆದರೆ ಬಾಗಿಲನ್ನು ಹಿಡಿದ ಕೈ ತೆಗೆಯಲಿಲ್ಲ ನಾನು. ಎದುರು ಮನೆಯ ಕಿಟಕಿಯಲ್ಲಿ ಯಾರೋ ನೋಡುತ್ತಿದ್ದರು. ಒಳಗೆ ಬಾ ಎಂಬ ಎರಡು ಮಾತು ಗಂಟಲಲ್ಲೇ ಉಳಿಯಿತು. ಚಿಗವ್ವ ಎಂಬ ಮಾತಂತೂ ಅದಕ್ಕೂ ಕೆಳಗೆ ಎಲ್ಲೋ ಇತ್ತು. ಅವಳು ನನ್ನ ಕೈ ನೋಡಿದಳು, ಬಾಗಿಲು ನೋಡಿದಳು. "ಆತು ಬಿಡವ್ವ. ಅವ್ವ ಬಂದ್ಲಂದ್ರ ನಾ ಬಂದಿದ್ನಿ ಅಂತ ಹೇಳು" ಅಂದಳು. ನಾನು ತಲೆಯಾಡಿಸಿ ಬಾಗಿಲು ಹಾಕಿಕೊಂಡೆ. ಅವಳು ಮೆಟ್ಟಿಲಿಳಿಯುವವರೆಗೂ ಕಾಯಲಿಲ್ಲ.

ಅವ್ವ ಊರಿಂದ ಬಂದಳು. ನಾನು ಹೇಳಲಿಲ್ಲ. ಅವ್ವ ಬೈನಾಕ್ಕೆ ಹೋಗಿ ಇಟ್ಟಿಗೆ ರಾಶಿಯ ನಡುವೆ ವಿಚಾರಿಸಿ ಬಂದಳು. ಮುಂಬೈಗೆ ಹೋದಳು ಅಂತ ಒಬ್ಬರು, ಊರಿಗೆ ಹೋದಳು ಅಂತ ಒಬ್ಬರು. ಆಗಲೂ ನಾನು ಹೇಳಲಿಲ್ಲ. ದಿನ ಕಳೆದಂತೆ ಹೇಳುವುದು ಹೆಚ್ಚು ಹೆಚ್ಚು ಕಷ್ಟವಾಯಿತು. ಕಡೆಗೆ ಆ ವಿಷಯ ನಡೆದೇ ಇಲ್ಲ ಎಂಬ ಹಾಗೆ ಬದುಕುವುದನ್ನು ಕಲಿತೆ.

ಕಚೇರಿಯಲ್ಲಿ ವರ್ಷಗಳು ಹೋದವು. ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಯಂತಲ್ಲ, ಇಲ್ಲಿ ತೂಫಾನು ಅಪರೂಪ ಎಂದು ಹಿರಿಯರು ನನಗೆ ಕಲಿಸಿದ್ದರು. ನನ್ನ ಕಣ್ಣೆದುರಿಗೇ ಆ ಮಾತು ಹಳೆಯದಾಯಿತು. 2009ರ ನವೆಂಬರ್‌ನಲ್ಲಿ ಫಿಯಾನ್. 2019 ಒಂದೇ ವರ್ಷದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂದು ಐದು. ಅದರಲ್ಲಿ ಕ್ಯಾರ್, ಮಹಾ ಎರಡೂ ಒಂದೇ ಹೊತ್ತಿಗೆ ಸಮುದ್ರದ ಮೇಲಿದ್ದವು. 2020ರ ಜೂನ್‌ನಲ್ಲಿ ನಿಸರ್ಗ. ನೀರು ಬಿಸಿಯಾದಷ್ಟೂ ತೂಫಾನಿಗೆ ಬಲ, ಆ ಸಮುದ್ರವೀಗ ಬಿಸಿಯಾಗುತ್ತಿದೆ. ನಕ್ಷೆಯ ಮೇಲೆ ಅವುಗಳ ದಾರಿಯನ್ನು ಕೆಂಪು ಗೆರೆಯಲ್ಲಿ ಎಳೆಯುವಾಗೆಲ್ಲ ಗೆರೆ ಗೋವಾ ದಾಟಿತೆಂದರೆ ಕಚೇರಿಯಲ್ಲಿ ಎಲ್ಲರೂ ಕುರ್ಚಿಗೆ ಒರಗುತ್ತೇವೆ. ನನಗೆ ಮಾತ್ರ ಅವ್ವನ ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ.

ಆಮೇಲೆ ತೌಕ್ತೆ. 2021ರ ಮೇ 16, ಭಾನುವಾರ. ಮ್ಯಾನ್ಮಾರ್ ಕೊಟ್ಟ ಹೆಸರು, ಅವರ ಭಾಷೆಯಲ್ಲಿ ಹಲ್ಲಿಯ ಜಾತಿಯ ಒಂದು ಪ್ರಾಣಿ. ಕೋವಿಡ್ಡಿನ ಎರಡನೆಯ ಅಲೆ ಗೋವಾವನ್ನು ಹಿಂಡುತ್ತಿದ್ದ ಕಾಲ, ಊರೆಲ್ಲ ಕರ್ಫ್ಯೂ. ಹೊರಗೆ ಹೋಗುವಂತಿಲ್ಲ ಎಂದು ರೋಗ ಕೂರಿಸಿತ್ತು, ಈಗ ಗಾಳಿಯೂ ಕೂರಿಸಿತು. ಬೆಳಗ್ಗೆಯೇ ವಿದ್ಯುತ್ ಹೋಯಿತು. ಎದುರಿನ ದೊಡ್ಡ ಮಾವಿನ ಮರ ಬುಡಸಮೇತ ಮಗುಚಿ ವಿದ್ಯುತ್ ಕಂಬವನ್ನೂ ತನ್ನ ಜೊತೆಗೆ ಎಳೆದುಕೊಂಡು ಬಿತ್ತು. ಆ ದಿನ ರಾಜ್ಯದಲ್ಲಿ ಇಬ್ಬರು ಸತ್ತರು, ನೂರಾರು ಮರ ಉರುಳಿದವು.

ಸಂಜೆ ಮೇಣದ ಬತ್ತಿಯ ಬೆಳಕಲ್ಲಿ ಅವ್ವ ಗಂಟು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಒರಗಿ ಕೂತಿದ್ದಳು. ಫೋನಿನ ಬ್ಯಾಟರಿ ಮುಗಿದಿತ್ತು. ನಾನು ಬಾಲ್ಕನಿಗೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ನಿಂತೆ. ಎಡಗೈ ವಾಯವ್ಯಕ್ಕೆ ಚಾಚಿತು. "ದಾಟಿತು ಅವ್ವ" ಅಂದೆ.

"ಯಾ ಕಡೆ ಹೋತು?"

"ಮುಂಬೈ ಕಡೆ. ಆಮ್ಯಾಲ ಗುಜರಾತ್."

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಆ ತಂಗಿ ಇದ್ದಿದ್ರ ಈಗ ಐವತ್ತೈದು ಆಗಿರ್ತಿದ್ವು ಆಕಿಗೆ. ಬೆಲ್ಲದ ಚಾ ಮಾಡಿ ಕೊಟ್ಟಿದ್ಲು ನಿನಗ" ಅಂದಳು.

ಆ ಕತ್ತಲೆಯಲ್ಲಿ ಹದಿನೇಳು ವರ್ಷದ ಮಾತು ಹೊರಬಂತು. ಅವಳು ಬಂದಿದ್ದು, ಗಂಟು, ಪಟ, ಅರ್ಧ ತೆರೆದ ಬಾಗಿಲು, ನನ್ನ ಕೈ. ಎಲ್ಲ ಹೇಳಿದೆ. ಅವ್ವ ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಬೈದರೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಒಂದೇ:

"ಯಾ ಕಡೆ ಹೋದ್ಲು?"

ಮಂಗೋರ್ ಹಿಲ್‌ನ ಆ ಮೆಟ್ಟಿಲಿನ ಬುಡದಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ರೈಲು ನಿಲ್ದಾಣ, ಬಲಕ್ಕೆ ಹೋದರೆ ಹೆದ್ದಾರಿ, ಹುಬ್ಬಳ್ಳಿಯ ಬಸ್ಸು. ಬಾಗಿಲು ಹಾಕದೆ ಇನ್ನೊಂದು ನಿಮಿಷ ನಿಂತಿದ್ದರೆ ನೋಡುತ್ತಿದ್ದೆ. "ನೋಡಲಿಲ್ಲ ಅವ್ವ" ಅಂದೆ.

ಮರುದಿನ, ಮೇ 17ರ ರಾತ್ರಿ, ತೌಕ್ತೆ ಊನಾ ಮತ್ತು ದೀವ್ ನಡುವೆ ನೆಲ ಮುಟ್ಟಿತು. ಅದಕ್ಕೂ ಮೊದಲು ಮುಂಬೈನ ಆಚೆ, ತೈಲಬಾವಿಗಳ ಹತ್ತಿರ, 261 ಜನರಿದ್ದ ಪಿ-305 ಎಂಬ ಬಾರ್ಜಿನ ಲಂಗರು ಕಡಿದು ಅದು ಮುಳುಗಿತು. ಕಚೇರಿಯಲ್ಲಿ ದಿನಕ್ಕೊಂದು ಲೆಕ್ಕ ಬರುತ್ತಿತ್ತು: ಸಿಕ್ಕವರು, ಸಿಗದವರು, ಗುರುತು ಹಿಡಿಯಲಾಗದವರು. ದುಡಿಯಲು ದೂರದ ಊರುಗಳಿಂದ ಬಂದವರೇ ಅಲ್ಲಿಯೂ. ಆ ವಾರ ಅವ್ವ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಸಿಟ್ಟಿರಲಿಲ್ಲ ಅದು. ರೊಟ್ಟಿ ಬಡಿದು ತಾಟಿಗೆ ಹಾಕುತ್ತಿದ್ದಳು, ಇನ್ನೊಂದು ಹಾಕಲೇ ಎಂದು ಕೇಳುತ್ತಿದ್ದಳು.

ವಿದ್ಯುತ್ ಬಂದ ಮೇಲೆ, ಅಂದು ಬಾಗಿಲಿಗೆ ಬಂದಿದ್ದವಳ ಊರಿನ ಹೆಸರು ಹಿಡಿದು ಹುಡುಕಿಸಿದೆ. ತಮ್ಮನನ್ನು ಕಳಿಸಿದೆ. ಆ ಹೆಸರಿನವರು ಯಾರೂ ಊರಿಗೆ ಮರಳಿಲ್ಲ ಎಂದರು. ಊರಲ್ಲಿ ಅವಳಿಗೆ ಇದ್ದ ಹೆಸರು, ಬೈನಾದಲ್ಲಿದ್ದ ಹೆಸರು ಒಂದೇ ಎಂದು ನಾನು ನಂಬಿದ್ದೇ ತಪ್ಪಿರಬಹುದು.

ಬೈನಾಕ್ಕೆ ಈಗ ಹೋದರೆ ಗುರುತು ಸಿಗುವುದಿಲ್ಲ. ರವೀಂದ್ರ ಭವನ ಎದ್ದು ನಿಂತಿದೆ, ಅಲ್ಲಿ ನಾಟಕ, ಸಂಗೀತ ನಡೆಯುತ್ತವೆ. ಬಂದರಿಗೆ ಹೋಗುವ ಲಾರಿಗಳಿಗಾಗಿ ತಲೆಯ ಮೇಲೆ ಎತ್ತರದ ರಸ್ತೆ ಬಂದಿದೆ. ಸಂಜೆಯ ಹೊತ್ತು ಮಕ್ಕಳು ಮರಳಿನಲ್ಲಿ ಚೆಂಡಾಡುತ್ತಾರೆ. ಒಳ್ಳೆಯದೇ ಆಯಿತು, ಆ ಗುಡಿಸಲಿನಲ್ಲಿ ಯಾವ ಮಗುವೂ ಅಲೆ ಎಣಿಸುತ್ತ ಮಲಗಬಾರದು. ಒಂದು ಮೂಲೆಯಲ್ಲಿ, ಯಾರೂ ತುಳಿಯದ ಕಡೆ, ನೇರಳೆ ಹೂವಿನ ಬಳ್ಳಿ ಮತ್ತೆ ಹಬ್ಬಿದ್ದನ್ನು ಒಮ್ಮೆ ನೋಡಿದೆ. ಪಕ್ಕಾ ಸಾಲು ಇದ್ದದ್ದು ಎಲ್ಲಿ ಎಂದು ಹೆಜ್ಜೆ ಎಣಿಸಿ ಹುಡುಕಿದೆ. ಸರಿಯಾಗಿ ಗೊತ್ತಾಗಲಿಲ್ಲ.

2025ರ ಆ ಮಳೆ ಮೇ 23ರ ರಾತ್ರಿಯಿಡೀ ಸುರಿಯಿತು. ಅವ್ವ ಮಲಗಲಿಲ್ಲ, ನಾನೂ ಮಲಗಲಿಲ್ಲ. 24ರ ಬೆಳಗ್ಗೆ ಸಮುದ್ರದ ಮೇಲಿನ ಆ ಕಡಿಮೆ ಒತ್ತಡ ವಾಯುಭಾರ ಕುಸಿತವಾಗಿ ಬಲಿತು, ಮಧ್ಯಾಹ್ನದ ಹೊತ್ತಿಗೆ ರತ್ನಾಗಿರಿಯ ಆಚೆ ನೆಲ ಹತ್ತಿತು. ಹೆಸರು ಪಡೆಯುವಷ್ಟು ದೊಡ್ಡದಾಗಲೇ ಇಲ್ಲ. ಮುಂಗಾರು ಅದೇ ದಿನ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಬುಲೆಟಿನ್ ಓದಿ ಮುಗಿಸಿ ತಲೆ ಎತ್ತಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳು ಕೇಳುವ ಮೊದಲೇ ಫೋನಿನಲ್ಲಿ ನಕ್ಷೆ ತೆರೆದು ಹತ್ತಿರ ಹೋಗಿ ಕೂತೆ. ನಮ್ಮ ಕರಾವಳಿಯಿಂದ ಬೆರಳಿಟ್ಟು ಮೇಲಕ್ಕೆ ಒಂದೊಂದೇ ಹೇಳುತ್ತ ಹೋದೆ: ವೆಂಗುರ್ಲ, ಮಾಲವಣ, ದೇವಗಡ, ರತ್ನಾಗಿರಿ, ದಾಪೋಲಿ.

"ಮನಿ ಅದಾವೇನ ಅಲ್ಲಿ, ದಂಡಿ ಮ್ಯಾಲ?" ಅಂದಳು.

ಅದಾವ ಅವ್ವ, ಅಂದೆ. ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ನೀರಿನ ಅಂಚಿಗಿದ್ದ ಸಣ್ಣ ಸಣ್ಣ ಚೌಕಗಳನ್ನು ಅವಳು ಒಂದೊಂದಾಗಿ ನೋಡತೊಡಗಿದಳು. ಗಂಟು ಬಾಗಿಲ ಹಿಂದೆ ಹಾಗೆಯೇ ಇತ್ತು.